ಅಳೆಯಬೇಕಾದದ್ದು ನೀರನ್ನಲ್ಲ

ನಮ್ಮ ಬಾಣಂತನದಲ್ಲಿ ಮೆಚ್ಚುವಂಥದ್ದು ಬಹಳ ಇದೆ. ಹೆತ್ತವಳಿಗೆ ತವರಿನ ಆಸರೆ, ಮನೆಗೆಲಸದಿಂದ ಬಿಡುವು, ಎಣ್ಣೆ ತಿಕ್ಕಿ ಎರೆಯುವ ಕೈಗಳು, ತುಪ್ಪ, ಮೆಣಸಿನ ಸಾರು, ಉತ್ತರ ಕರ್ನಾಟಕದಲ್ಲಾದರೆ ಅಂಟಿನುಂಡೆ. ಇವನ್ನೆಲ್ಲ ಯಾವ ವೈದ್ಯರೂ ಬೇಡವೆನ್ನಲಾರರು. ಬಿಡಬೇಕಾದದ್ದು ನೀರಿನ ಪಥ್ಯ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ಕಾದಾರಿದ ನೀರನ್ನು ಅಳೆದು ಕೊಡುವ ಮನೆಗಳು ಇನ್ನೂ ಇವೆ.

ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಬಂದಿರುತ್ತದೆ. ಮಾಸು ಕಳಚಿದ ಜಾಗದಿಂದ ರಕ್ತ ಹರಿದುಹೋಗದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ಹೆರಿಗೆ ಮುಗಿದ ಮೇಲೂ ಸುಮಾರು ಆರು ವಾರ ಆ ಗುಣ ಪೂರ್ತಿ ಇಳಿಯುವುದಿಲ್ಲ. ಅದೇ ಹೊತ್ತಿನಲ್ಲಿ ಬೆಚ್ಚನೆಯ ಕೋಣೆ, ಅಗ್ಗಿಷ್ಟಿಕೆ, ಸುಡುನೀರಿನ ಸ್ನಾನದಿಂದ ಮೈ ಬೆವರುತ್ತದೆ, ಹಾಲಿನ ರೂಪದಲ್ಲಿ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ನೀರು ಹೊರಹೋಗುತ್ತದೆ. ಕುಡಿಯುವ ನೀರನ್ನೂ ಕಡಿತಗೊಳಿಸಿದರೆ ರಕ್ತ ಇನ್ನಷ್ಟು ಗಟ್ಟಿಯಾಗಿ, ಕೆಲವರಲ್ಲಿ ಮಿದುಳಿನಿಂದ ರಕ್ತವನ್ನು ಮರಳಿ ತರುವ ಅಭಿಧಮನಿಗಳಲ್ಲೇ ಹೆಪ್ಪುಗಟ್ಟುತ್ತದೆ. ನೀರೊಂದೇ ಕಾರಣವಲ್ಲ, ರಕ್ತಹೀನತೆ ಮತ್ತು ಸೋಂಕಿನ ಪಾಲೂ ಇದೆ. ಆದರೆ ಮನೆಯವರ ಕೈಯಲ್ಲಿರುವ ಕಾರಣ ಇದು.

ಹಾಗೆ ಹೆಪ್ಪುಗಟ್ಟಿದಾಗ ಮೊದಲು ಬಿಡದ ತಲೆನೋವು, ವಾಂತಿ. ಆಮೇಲೆ ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಮಂಪರು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವಿಭಾಗ ಇಂಥ ಬಾಣಂತಿಯರನ್ನು ದಶಕಗಳಿಂದ ಕಂಡಿದೆ. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಡೋಣವೆಂದರೆ, ಎಷ್ಟೋ ರೋಗಿಗಳ ಮಿದುಳಿನಲ್ಲಿ ಆಗಲೇ ರಕ್ತ ಒಸರಿರುತ್ತಿತ್ತು. ಕೊಟ್ಟರೆ ಅದು ಹೆಚ್ಚೀತೆಂಬ ಅಳುಕು ಲೋಕದ ವೈದ್ಯರಿಗೆಲ್ಲ ಇತ್ತು. ಡಾ. ಡಿ. ನಾಗರಾಜ ಮತ್ತು ಅವರ ಸಂಗಡಿಗರು 1980–90ರ ದಶಕಗಳಲ್ಲಿ ನಮ್ಮ ಬಾಣಂತಿಯರಲ್ಲೇ ಇದನ್ನು ಅಧ್ಯಯನ ಮಾಡಿ, ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಒಳಿತಾಗುವುದನ್ನು ತೋರಿಸಿದರು. ಇಂದು ಹೆಪಾರಿನ್ ಈ ರೋಗದ ಒಪ್ಪಿತ ಚಿಕಿತ್ಸೆ.

ಫಿಟ್ಸ್‌ಗೆ ಇನ್ನೊಂದು ಕಾರಣ ಏರಿದ ರಕ್ತದೊತ್ತಡ. ಬಸುರಿನಲ್ಲಿ ಬಿ.ಪಿ. ಸರಿಯಿದ್ದವರಿಗೂ ಹೆರಿಗೆಯ ನಂತರ ಏರಬಹುದು. ಇದರ ಮದ್ದು ಮೆಗ್ನೀಸಿಯಂ ಸಲ್ಫೇಟ್, ಬೇರೆಯೇ ದಾರಿ. ಹಾಗಾಗಿ ಫಿಟ್ಸ್ ಬಂದ ಬಾಣಂತಿಯ ರೋಗ ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸುವ ಪ್ರಶ್ನೆಯೇ ಇಲ್ಲ.

ನೀರನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆಯುವ ನಾವು, ಹೆರಿಗೆಯಲ್ಲಿ ಹೋಗುವ ರಕ್ತವನ್ನು ಬಹುಕಾಲ ಕಣ್ಣಂದಾಜಿಗೆ ಬಿಟ್ಟಿದ್ದೆವು. ಆ ಅಂದಾಜು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಅರ್ಧ ಲೀಟರ್ ದಾಟಿದರೆ ಅಪಾಯ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ನಡೆಸಿದ ಅಧ್ಯಯನದಲ್ಲಿ, ತಾಯಿಯ ಕೆಳಗೆ ಹಾಸಿ ರಕ್ತವನ್ನು ಹಿಡಿದು ಅಳೆಯುವ ಪ್ಲಾಸ್ಟಿಕ್ ಚೀಲ ಬಳಕೆಗೆ ಬಂತು. ಹಳ್ಳಿಗಳಲ್ಲಿ ಸಹಾಯಕ ದಾದಿಯರೇ ಮಾಡಿಸಿದ 1,620 ಹೆರಿಗೆಗಳ ಈ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತಸ್ರಾವ ತಡೆಯಲೆಂದು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು.

ಇನ್ನು ಮನಸ್ಸು. ಮೊದಲ ವಾರದ ಅಳು, ಕಿರಿಕಿರಿ ಬಹುಮಂದಿಗೆ ಬಂದು ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಬೇಸರ ಹೋಗದಿದ್ದರೆ ಅದು ಖಿನ್ನತೆ ಇರಬಹುದು. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ ಶೇ. 22ರಷ್ಟು ತಾಯಂದಿರಿಗೆ ಇದು ಕಾಡುತ್ತದೆ. ಬಡತನ, ಗಂಡನ ಹೊಡೆತ, ಹೆಣ್ಣು ಹುಟ್ಟಿತೆಂಬ ಮೂದಲಿಕೆ ಇದ್ದಲ್ಲಿ ಇನ್ನೂ ಹೆಚ್ಚು. ಇದನ್ನೂ ಅಳೆಯಬಹುದು: 1987ರ ಎಡಿನ್‌ಬರೊ ಮಾಪಕದಲ್ಲಿ ಇರುವುದು ಹತ್ತೇ ಪ್ರಶ್ನೆ.

ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವ ಚಿತ್ತವಿಕಲತೆ ಬೇರೆ. ಹೆಚ್ಚಾಗಿ ಮೊದಲೆರಡು ವಾರದಲ್ಲೇ ಶುರು. ಮಗು ಮಲಗಿದರೂ ತಾಯಿಗೆ ನಿದ್ದೆಯಿಲ್ಲ, ಮಾತು ಹಳಿ ತಪ್ಪುತ್ತದೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟುತ್ತದೆ. ಇಂಥವರನ್ನು ತಾಯತ ಕಟ್ಟುವವರ ಬಳಿ ಕರೆದೊಯ್ದು ದಿನ ಕಳೆಯುವುದು ಎರಡು ಜೀವಕ್ಕೂ ಅಪಾಯ. ಮಿದುಳಿನ ಹೆಪ್ಪು, ಸೋಂಕಿನ ಜ್ವರ ಕೂಡ ಹೀಗೆಯೇ ಕಾಣಬಹುದಾದ್ದರಿಂದ ವೈದ್ಯರು ಮೊದಲು ಅವನ್ನು ಪರೀಕ್ಷಿಸಿ ನೋಡುತ್ತಾರೆ. ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಗುಣವಾಗುತ್ತಾರೆ. ಮಗುವನ್ನು ಅಗಲಿಸದೆ, ಮನೆಯ ಹೆಂಗಸೊಬ್ಬರ ಜೊತೆ ತಾಯಿಯನ್ನು ಸೇರಿಸಿಕೊಳ್ಳುವ ತಾಯಿ-ಮಗು ಘಟಕ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು. ಮಗುವಿನ ತೂಕದ ಜೊತೆಗೆ ತಾಯಿಯ ಜ್ವರ, ರಕ್ತಸ್ರಾವ, ಫಿಟ್ಸ್, ಅಸಂಬದ್ಧ ಮಾತನ್ನೂ ಅವರು ವಿಚಾರಿಸಬೇಕು. ವಿಚಾರಿಸದಿದ್ದರೆ ನೀವೇ ಹೇಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.