ಕಾರ್ ಎಸಿ ತಣ್ಣಗಾಗ್ತಿಲ್ವಾ? ಗ್ಯಾಸ್ ತುಂಬಿಸೋ ಮೊದಲು ಇದನ್ನ ನೋಡಿ

ಹೊಸಕೋಟೆ ತಾಲ್ಲೂಕು, ಜಡಿಗೇನಹಳ್ಳಿ. ಏಪ್ರಿಲ್ ಬಿಸಿಲು, ಟಿಪ್ಪರ್ ಎಬ್ಬಿಸೋ ಧೂಳು. ಎಸಿ ಹಾಕಿದ್ರೆ ಬರೋದು ಬರೀ ಬಿಸಿಗಾಳಿ. "ಗ್ಯಾಸ್ ಮುಗಿದಿರಬೇಕು" ಅಂತಾರೆ ಎಲ್ಲರೂ. ಪೆಟ್ರೋಲ್ ಥರ ಅದು ಖರ್ಚಾಗಲ್ಲ ರೀ! ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರಿದೆ.

ಗಾಳಿಯೇ ಸರಿಯಾಗಿ ಬರ್ತಿಲ್ವಾ? ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಧೂಳು ಕಟ್ಟಿದ್ರೆ ಬದಲಾಯಿಸಿ.

ಗಾಳಿ ಜೋರಾಗಿದೆ, ತಂಪಿಲ್ಲ ಅಂದ್ರೆ ಬಾನೆಟ್ ಎತ್ತಿ. ರೇಡಿಯೇಟರ್ ಮುಂದಿರೋದೇ ಕಂಡೆನ್ಸರ್. ಕಾರೊಳಗಿನ ಶಾಖ ಹೊರಹೋಗೋದು ಇಲ್ಲಿಂದ. ಅದಕ್ಕೆ ಧೂಳು ಕಟ್ಟಿದ್ರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಪೈಪಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೀರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದ್ರೆ ಅದರ ತೆಳು ತಗಡು ಮಡಚಿಹೋಗುತ್ತೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ರೇಡಿಯೇಟರ್ ಫ್ಯಾನ್ ತಿರುಗದಿದ್ರೆ ಫ್ಯೂಸ್ ನೋಡಿ. ಕೈ ಮಾತ್ರ ಫ್ಯಾನಿಂದ ದೂರ ಇರಲಿ.

ಪೈಪಿನ ಜಾಯಿಂಟಲ್ಲಿ ಎಣ್ಣೆ ಜಿಡ್ಡಿದ್ಯಾ? ಸೋರ್ತಿರೋದು ಅಲ್ಲೇ ಇರಬಹುದು. ಅದನ್ನ ಬಿಚ್ಚೋಕೆ ಹೋಗಬೇಡಿ. ಬಹಳಷ್ಟು ಕಾರಿನ ಎಸಿಯಲ್ಲಿರೋದು ಆರ್-134ಎ ಅನ್ನೋ ಗ್ಯಾಸ್. ಒತ್ತಡದಲ್ಲಿರುತ್ತೆ, ಮೈಗೆ ಚಿಮ್ಮಿದ್ರೆ ಚರ್ಮ ಹೆಪ್ಪುಗಟ್ಟುತ್ತೆ. ಗಾಳಿಗೆ ಬಿಟ್ರೆ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿ ಬಿಸಿ ಮಾಡುತ್ತೆ.

ಹೊಸಕೋಟೆಗೆ ಒಯ್ದಾಗ ಮೆಕ್ಯಾನಿಕ್‌ಗೆ ಹೇಳಿ: "ಮೊದಲು ಲೀಕ್ ಹುಡುಕಿ ಅಣ್ಣ, ವ್ಯಾಕ್ಯೂಮ್ ಮಾಡಿ, ಆಮೇಲೆ ಕಂಪನಿ ಕೊಟ್ಟಿರೋ ಗ್ರಾಮ್ ಲೆಕ್ಕಕ್ಕೇ ಗ್ಯಾಸ್ ಹಾಕಿ."