ದನದ ಕೊರಳಿಗೊಂದು ಅಲುಗಾಟದ ಲೆಕ್ಕಿಗ

ನಮ್ಮ ಹಟ್ಟಿಯಲ್ಲಿರುವುದು ಎರಡೇ ಮಿಶ್ರತಳಿ ದನ. ಅದರಲ್ಲಿ ಒಂದು ಬೆದೆಗೆ ಬಂದರೆ ಕೂಗುವುದಿಲ್ಲ, ಲೋಳೆಯೂ ಅಷ್ಟಕ್ಕಷ್ಟೆ. ಬೆದೆ ನಿಲ್ಲುವುದು ಸುಮಾರು 12ರಿಂದ 18 ಗಂಟೆ. ಅದೂ ಎಷ್ಟೋ ಸಲ ನಾವು ಮಲಗಿದ ಮೇಲೆ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ನನಗೆ ಸಾಲಾಗಿ ಮೂರು ತಪ್ಪಿತು. ಎರಡು ತಿಂಗಳ ಹಿಂಡಿ ದಂಡ. ದನ ಮಾರಿಬಿಡುವಾ ಎಂಬಲ್ಲಿಗೆ ಬಂದಿದ್ದೆ.

ಆಗ ರಜೆಯಲ್ಲಿ ಬಂದ ತಂಗಿಯ ಮಗ, "ಮಾವ, ಬೆದೆಯಲ್ಲಿ ದನದ ಓಡಾಟ ಜಾಸ್ತಿ ಅಲ್ವಾ? ಅದನ್ನೇ ಲೆಕ್ಕ ಇಡುವಾ" ಎಂದ. ಎಂಪಿಯು-6050 ಎಂಬ ಚಿಪ್ಪಿರುವ ಬೋರ್ಡು ತರಿಸಿದ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು.

ಒಳಗೆ ಎರಡು ಉಪಕರಣ

ಒಂದು ಆಕ್ಸೆಲೆರೋಮೀಟರ್. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಂಡು ಸ್ಪ್ರಿಂಗಿನಲ್ಲಿ ನೇತಾಡುತ್ತಿರುತ್ತದೆ ಎನ್ನಿ. ಅಲುಗಾಡಿದರೆ ಅದು ಸರಿಯುತ್ತದೆ, ಅಂಕೆ ಬದಲಾಗುತ್ತದೆ. ಸುಮ್ಮನಿಟ್ಟರೂ ಭೂಮಿಯ ಎಳೆತ ತೋರಿಸುವುದರಿಂದ ಕೆಳಗೆ ಯಾವುದು ಎಂದು ಅದಕ್ಕೆ ಗೊತ್ತು. ಮೊಬೈಲ್ ಅಡ್ಡ ಹಿಡಿದಾಗ ಚಿತ್ರ ಅಡ್ಡವಾಗುವುದು ಇದರಿಂದಲೇ.

ಇನ್ನೊಂದು ಗೈರೋಸ್ಕೋಪ್. ಇದು ಅಳೆಯುವುದು ತಿರುಗುವ ವೇಗ. ಔಷಧಿ ಸಿಂಪಡಿಸುವ ಡ್ರೋನ್ ಮಗುಚದೆ ಹಾರಲು ಇದು ಬೇಕೇ ಬೇಕು. ಆದರೆ ಸಣ್ಣ ಸಣ್ಣ ತಪ್ಪು ಕೂಡುತ್ತಾ ಹೋಗಿ, ಇದೊಂದನ್ನೇ ನಂಬಿದರೆ ಸ್ವಲ್ಪ ಹೊತ್ತಿನಲ್ಲೇ ದಿಕ್ಕು ಜಾರುತ್ತದೆ.

ಬ್ಯಾಟರಿ ತಿಂದದ್ದು ಯಾರು?

ಮೊದಲು ಎರಡನ್ನೂ ಓಡಿಸಿದೆವು. ಎಂಟೇ ದಿನಕ್ಕೆ ಸೆಲ್ ಖಾಲಿ. ಹುಡುಕಿದರೆ, ಆಕ್ಸೆಲೆರೋಮೀಟರಿಗೆ ಬೇಕಾದ್ದು ಅರ್ಧ ಮಿಲಿಆಂಪಿಯರ್, ಗೈರೋಸ್ಕೋಪಿಗೆ ಮೂರೂವರೆಗೂ ಮಿಕ್ಕಿ! ದನ ಎಷ್ಟು ಡಿಗ್ರಿ ತಿರುಗಿತು ಎಂದು ತಿಳಿದು ನನಗೇನಾಗಬೇಕು? ಪ್ರೋಗ್ರಾಮಿನಲ್ಲೇ ಅದನ್ನು ಮಲಗಿಸಿದೆವು. ಬೋರ್ಡಿನಲ್ಲಿ ಸದಾ ಉರಿಯುವ ದೀಪ ಕಿತ್ತೆವು. ಜತೆಗಿರುವ ಆರ್ಡುಯಿನೋ ಪ್ರೊ ಮಿನಿ ಸೆಕೆಂಡಿಗೊಮ್ಮೆ ಮಾತ್ರ ಎಚ್ಚರವಾಗುವಂತೆ ಮಾಡಿದೆವು. ಈಗ ಒಮ್ಮೆ ಚಾರ್ಜ್ ಮಾಡಿದರೆ ತಿಂಗಳು ದಾಟುತ್ತದೆ.

ಲೆಕ್ಕ ಸುಲಭ. ಹಿಂದಿನ ಅಂಕೆಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಗಂಟೆಗಟ್ಟಲೆ ಕೂಡಿಸುವುದು. ಹಿಂದಿನ ದಿನಗಳ ಅದೇ ಗಂಟೆಗೆ ಹೋಲಿಸುವುದು. 'ಅದೇ ಗಂಟೆ' ಮುಖ್ಯ. ಹುಲ್ಲು ಹಾಕುವ ಹೊತ್ತಿಗೆ ತಲೆ ಹೇಗೂ ಅಲುಗಾಡುತ್ತದೆ ತಾನೇ? ಮೂರು ಗಂಟೆ ಸತತವಾಗಿ ಇಮ್ಮಡಿ ದಾಟಿದರೆ ಕೆಂಪು ದೀಪ ಮಿಟುಕುತ್ತದೆ. ಬೆಳಿಗ್ಗೆ ಕರೆಯಲು ಹೋದವರಿಗೆ ಕಾಣುತ್ತದೆ.

ಎಡವಿದ್ದು ಎಲ್ಲಿ?

ಮೊದಲಿನ ಪ್ಲಾಸ್ಟಿಕ್ ಡಬ್ಬಿಯನ್ನು ದನ ಬಾಯಿತೊಟ್ಟಿಗೆ ಉಜ್ಜಿ ಪುಡಿ ಮಾಡಿತು. ಈಗ ಪಿವಿಸಿ ಪೈಪಿನ ತುಂಡಿಗೆ ಎರಡೂ ಕಡೆ ಮುಚ್ಚಳ. ದೀಪಕ್ಕೊಂದು ತೂತು ಮಾಡಿ ಅಂಟು ತುಂಬಿದೆ.

ದೊಡ್ಡ ತಪ್ಪು ಬೇರೆಯೇ. ಗಿಡ್ಡ ಹಗ್ಗದಲ್ಲಿ ಕಟ್ಟಿದ ದನ ಓಡಾಡುವುದು ಎಲ್ಲಿಂದ? ಒಂದು ಬೆದೆ ಯಂತ್ರ ಕಟ್ಟಿಯೂ ತಪ್ಪಿತು. ಆಮೇಲೆ ಹಟ್ಟಿಯ ಒಂದು ಪಾಲಿಗೆ ಬಿದಿರು ಅಡ್ಡ ಕಟ್ಟಿ, ರಾತ್ರಿ ಅಲ್ಲಿ ಬಿಚ್ಚಿಬಿಟ್ಟೆ. ಮುಂದಿನ ಸರದಿಯಲ್ಲಿ ಬೆಳಗ್ಗೆ ದೀಪ ಮಿಟುಕುತ್ತಿತ್ತು. ಬಾಲ ಎತ್ತಿ ನೋಡಿದೆ, ತೆಳ್ಳಗೆ ಲೋಳೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುಬೆಳಿಗ್ಗೆ ಎಂಬ ರೂಢಿಯಂತೆ ಸಂಜೆ ಇಂಜೆಕ್ಷನ್ ಕೊಡಿಸಿದೆ. ಮೂರು ತಿಂಗಳಾದ ಮೇಲೆ ಡಾಕ್ಟರು ಕೈಹಾಕಿ ನೋಡಿ ಗಬ್ಬ ಎಂದರು.

ನೊಣದ ಕಾಟದ ರಾತ್ರಿ ಸುಳ್ಳು ದೀಪವೂ ಉರಿದಿದೆ. ಹಾಗಾಗಿ ದೀಪ ಕಂಡ ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಡಿ, ದನವನ್ನು ನೋಡಿ. ನನ್ನ ಅನುಭವದಲ್ಲಿ ಈ ಯಂತ್ರ ರಾತ್ರಿ ಕಾವಲಿಗೆ ಮಾತ್ರ. ಬಿಚ್ಚಿಬಿಟ್ಟದ್ದೇ ಅರ್ಧ ಕೆಲಸ ಮಾಡಿತು. ಅದಕ್ಕೆ ಖರ್ಚಾದದ್ದು ನಾಲ್ಕು ಬಿದಿರು.