ಹೊಗೆ ಹೊರಗೆ, ಬಿಸಿ ಒಳಗೆ



ನಮ್ಮ ಕಾಸರಗೋಡಿನ ಕಡೆ ಗ್ಯಾಸ್ ಇಲ್ಲದ ಮನೆ ಈಗ ಅಪರೂಪ. ಆದರೂ ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಸ್ನಾನಕ್ಕೆ ನೀರು ಕಾಯಬೇಕು. ತೋಟದಲ್ಲಿ ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ ರಾಶಿ ಬಿದ್ದಿರುವಾಗ ಅದಕ್ಕೆಲ್ಲ ಸಿಲಿಂಡರ್ ಯಾರು ಮುಗಿಸುತ್ತಾರೆ? ಹಾಗಾಗಿ ಸೌದೆ ಒಲೆ ಉಳಿದಿದೆ, ಅದರ ಹೊಗೆಯೂ ಉಳಿದಿದೆ.

ಮಳೆಗಾಲದಲ್ಲಿ ಎರಚಲಿಗೆ ಕಿಟಕಿ ಮುಚ್ಚಿ, ಹಸಿ ಸೌದೆ ಊದುವ ತಾಯಂದಿರ ಕಷ್ಟ ಕೇವಲ ಕಣ್ಣುರಿಯದ್ದಲ್ಲ. ಈ ಹೊಗೆ ಸಣ್ಣ ಮಕ್ಕಳಲ್ಲಿ ನ್ಯುಮೋನಿಯಾವನ್ನೂ ದೊಡ್ಡವರಲ್ಲಿ ಶ್ವಾಸಕೋಶದ ಕಾಯಿಲೆಯನ್ನೂ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಮಂದಿ ಸತ್ತಿದ್ದಾರೆ. ಗಂಡಸರು ಅಡುಗೆಮನೆಗೆ ಬರುವುದು ಊಟದ ಹೊತ್ತಿಗೆ. ಮನೆ ಕಟ್ಟುವಾಗ ಮೇಸ್ತ್ರಿಯೊಡನೆ ಮಾತಾಡುವವರು ಮಾತ್ರ ಅವರೇ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಬಳಕೆಗೆ ತಂದ ಅಸ್ತ್ರ ಒಲೆಯನ್ನು ಹಿರಿಯರು ನೋಡಿರಬಹುದು. ಬರಿಯ ಮೂರು ಕಲ್ಲಿನ ಒಲೆಯಲ್ಲಿ ನೂರು ಪಾಲು ಕಾವಿನಲ್ಲಿ ಪಾತ್ರೆಗೆ ಸಿಗುವುದು ಹತ್ತು ಹದಿನೈದು ಪಾಲು ಮಾತ್ರ. ಅಸ್ತ್ರ ಒಲೆಯಲ್ಲಿ ಬೆಂಕಿ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಅಡಿಯಿಂದ ಬರುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆಯ ಕೆಳಗಿಂದ ಹಾದು ಎರಡನೆಯ, ಮೂರನೆಯ ಪಾತ್ರೆಗಳನ್ನೂ ಕಾಯಿಸಿ, ಆಮೇಲೆ ಕೊಳವೆಯಲ್ಲಿ ಮೇಲೇರುತ್ತದೆ. ಚಳಿದೇಶಗಳಲ್ಲಿ, ಹೊರಹೋಗುವ ಬೆಚ್ಚನೆಯ ಗಾಳಿಯ ಕಾವನ್ನು ಒಳಬರುವ ತಣ್ಣನೆಯ ಗಾಳಿಗೆ ದಾಟಿಸಲು ಮನೆಯಲ್ಲಿ ಯಂತ್ರವನ್ನೇ ಕೂರಿಸುತ್ತಾರೆ. ನಮ್ಮಲ್ಲಿ ಹೋಗುವ ಬಿಸಿಯನ್ನು ಹಿಡಿದುಕೊಳ್ಳಲು ಎರಡನೆಯ ಪಾತ್ರೆಯೇ ಸಾಕು, ಕರೆಂಟೂ ಬೇಡ.

ಕಟ್ಟಿಸುವವರು ಕೊಳವೆಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಅದು ನೆಟ್ಟಗಿರಲಿ, ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲೆ ಹೋಗಲಿ. ಗಿಡ್ಡವಾದರೆ ಗಾಳಿ ಬೀಸಿದಾಗ ಹೊಗೆ ತಿರುಗಿ ಒಳಗೇ ಬರುತ್ತದೆ. ಮಳೆನೀರು ಬೀಳದಂತೆ ತುದಿಗೆ ಟೋಪಿ ಬೇಕು, ಆದರೆ ಅದು ಬಾಯಿಗೆ ಅಂಟಿಕೊಂಡಿರಬಾರದು. ಮಾಡಿನ ಮರಕ್ಕೆ ಕೊಳವೆ ತಾಗಬಾರದು. ಕಲ್ನಾರಿನ ಕೊಳವೆ ಅಗ್ಗಕ್ಕೆ ಸಿಕ್ಕಿದರೂ ಬೇಡ, ಅದರ ಧೂಳೇ ಇನ್ನೊಂದು ರೋಗ. ತಿಂಗಳಿಗೊಮ್ಮೆ ಮಸಿ ತೆಗೆಯದಿದ್ದರೆ ಎಂಥ ಒಲೆಯೂ ಹೊಗೆಯಾಡುತ್ತದೆ. ಒಂದೇ ಪಾತ್ರೆ ಇಟ್ಟಿದ್ದರೆ ಉಳಿದ ಕುಳಿಗಳನ್ನು ಮುಚ್ಚಿಡಿ. ಕೊಳವೆ ಇದೆಯೆಂದು ಕಿಟಕಿ ಮುಚ್ಚಬೇಡಿ. ಒಳಗೆ ಗಾಳಿ ಬರದೆ ಹೊಗೆ ಹೊರಗೆ ಹೋಗುವುದಿಲ್ಲ.

ಇನ್ನೊಂದು ಮಾತು ಬಾಣಂತಿ ಕೋಣೆಯದು. ಥಂಡಿಯೆಂದು ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡುವ ಅಜ್ಜಿಯಂದಿರು ಈಗಲೂ ಇದ್ದಾರೆ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಆದರೆ ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತಕ್ಕೆ ಅಂಟಿಕೊಂಡು, ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಬಾಣಂತಿಗೂ ಮಗುವಿಗೂ ಕಂಬಳಿ ಹೊದಿಸಿ, ಕೆಂಡ ಬೇಡ. ಅಂಥ ಕೋಣೆಯಲ್ಲಿ ಯಾರಿಗಾದರೂ ತಲೆಭಾರ, ವಾಕರಿಕೆ, ಮಂಪರು ಕಂಡರೆ ಕೂಡಲೇ ಎಲ್ಲರನ್ನೂ ಅಂಗಳಕ್ಕೆ ತಂದು, ಆಸ್ಪತ್ರೆಗೆ ಕರೆದೊಯ್ಯಿರಿ.